ಬದುಕಿರುವವಳಿಗೆ ಇಟ್ಟ ಎಡೆ

ನಡೆದದ್ದು ಇಷ್ಟೇ. ಈ ಸಲದ ಹಿರಿಯರ ಹಬ್ಬದಲ್ಲಿ ನಾವು ಬದುಕಿರುವ ಹುಡುಗಿಯೊಬ್ಬಳಿಗೆ ಹೂವು ಹಾಕಿ, ಕುಂಕುಮ ಇಟ್ಟು, ಸತ್ತವರ ಸಾಲಿನಲ್ಲಿ ಕೂರಿಸಿ, ಬಾಗಿಲು ಮುಚ್ಚಿಕೊಂಡು ಹೊರಗೆ ಬಂದೆವು. ತಪ್ಪು ಫೋನಿನದು ಎಂದು ಮೊಮ್ಮಗ ಹೇಳುತ್ತಾನೆ, ತಪ್ಪು ಕಣ್ಣಿನದು ಎಂದು ನಾದಿನಿ ಹೇಳುತ್ತಾಳೆ. ಎರಡೂ ಸುಳ್ಳು. ತಪ್ಪು ನನ್ನದು. ಹೇಗೆ ನನ್ನದು ಎಂದು ಹೇಳಬೇಕಾದರೆ ನಮ್ಮ ಅಡುಗೆಮನೆಯ ಹುಣಸೆಹಣ್ಣಿನ ಜಾಡಿಯಿಂದ ಶುರು ಮಾಡಬೇಕು. ನಿಮಗೆ ಅವಸರವಿದ್ದರೆ ಎದ್ದು ಹೋಗಿ, ನನಗಂತೂ ಇಲ್ಲ.

ಆ ಜಾಡಿ ನನ್ನ ಅತ್ತೆಯ ಕಾಲದ್ದು. ಕಂದು ಬಣ್ಣದ ಪಿಂಗಾಣಿ, ಕುತ್ತಿಗೆ ಗಿಡ್ಡ, ಹೊಟ್ಟೆ ದಪ್ಪ. ಒಲೆಯ ಪಕ್ಕದ ಕಟ್ಟೆಯ ಮೇಲೆ ಐವತ್ತು ವರ್ಷದಿಂದ ತನ್ನ ಪಾಡಿಗೆ ಕೂತಿದ್ದ ಇದಕ್ಕೆ ಎರಡು ವರ್ಷದ ಹಿಂದೆ ಇದ್ದಕ್ಕಿದ್ದ ಹಾಗೆ ಬಡ್ತಿ ಸಿಕ್ಕಿ, ಜರ್ಮನಿ ದೇಶಕ್ಕೆ ಆಧಾರಸ್ತಂಭವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಮೊಮ್ಮಗ ಹರೀಶ ತನ್ನ ಫೋನನ್ನು ಅದಕ್ಕೆ ಒರಗಿಸಿ ನಿಲ್ಲಿಸುತ್ತಾನೆ. ಫೋನಿನೊಳಗೆ ಅವನ ಹೆಂಡತಿ ಕವಿತಾ ಇರುತ್ತಾಳೆ. ಸಾರಿಗೆ ಹುಣಸೆಹಣ್ಣು ಬೇಕೆಂದು ನಾನು ಜಾಡಿ ಎಳೆದಾಗಲೆಲ್ಲ ಜರ್ಮನಿ ದಬಕ್ಕನೆ ಮಗುಚಿ ಬೀಳುತ್ತದೆ. ನಾನು ಎತ್ತಿ ನಿಲ್ಲಿಸುವುದಿಲ್ಲ. ಬಿದ್ದವರು ಏಳಲಿ ಎಂದು ಬಿಟ್ಟುಬಿಡುತ್ತೇನೆ.

ಕವಿತಾ ಬ್ಯಾಟರಾಯನಪುರದ ಹುಡುಗಿ, ನರ್ಸು. ಮದುವೆಯಾದ ಹದಿನಾಲ್ಕನೆಯ ತಿಂಗಳಿಗೆ ಜರ್ಮನಿಯಲ್ಲಿ ವಯಸ್ಸಾದವರನ್ನು ಇರಿಸಿಕೊಳ್ಳುವ ಒಂದು ಆಶ್ರಮದಲ್ಲಿ ಕೆಲಸ ಸಿಕ್ಕಿತೆಂದು ಹೋದಳು. ಹರೀಶ ಇಲ್ಲೇ ಜಕ್ಕೂರಿನಲ್ಲಿ, ನಮ್ಮ ಮನೆಯ ಮುಂದಿನ ಮಳಿಗೆಯಲ್ಲೇ, ಬೋರ್‌ವೆಲ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಮಾಡುತ್ತಾನೆ. ಅವನ ಅಪ್ಪ ಅಮ್ಮ, ಅಂದರೆ ನನ್ನ ಮಗ ಸೊಸೆ, ಇಬ್ಬರೂ ಗೋಡೆಯ ಮೇಲಿದ್ದಾರೆ. ಅವನಿಗೆ ಐದು ವರ್ಷವಾಗಿದ್ದಾಗ ಒಂದೇ ಅಪಘಾತದಲ್ಲಿ ಹೋದರು. ಸಾಕಿದವಳು ನಾನು. ಸಾಕಿದೆ ಎಂದರೆ ಏನೋ ಮಹಾತ್ಯಾಗ ಎಂದುಕೊಳ್ಳಬೇಡಿ. ಅನ್ನ ಹಾಕಿದೆ, ಹೊಡೆದೆ, ಬೆಳೆದ.

ಗಂಡ ಹೆಂಡತಿ ಫೋನು ಹಚ್ಚಿಟ್ಟುಕೊಂಡಿರುವುದು ಮಾತಾಡಲಿಕ್ಕೆ ಎಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮಾತೇ ಇಲ್ಲ. ಇವನು ಇಲ್ಲಿ ಮುದ್ದೆ ಮುರಿಯುತ್ತಿರುತ್ತಾನೆ, ಅವಳು ಅಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿರುತ್ತಾಳೆ. ಇವನು ಫೋನನ್ನು ಮಳಿಗೆಗೆ ಒಯ್ದು ತಂತಿ ಸುತ್ತುವ ಯಂತ್ರದ ಪಕ್ಕ ಇಟ್ಟುಕೊಳ್ಳುತ್ತಾನೆ, ಅವಳು ರಾತ್ರಿ ಪಾಳಿ ಮುಗಿಸಿ ಬಂದು ಅದರೊಳಗೇ ಮಲಗಿ ನಿದ್ದೆ ಹೋಗುತ್ತಾಳೆ. ಯಾರೂ ತುಟಿ ಬಿಚ್ಚುವುದಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ.

"ಇದೆಂಥದೋ ಇದು? ಮಾತಿಲ್ಲ ಕತೆಯಿಲ್ಲ, ಸುಮ್ನೆ ದೀಪ ಹಚ್ಚಿಟ್ಟಂಗೆ."

"ಜೊತೇಲಿರೋದು ಅಜ್ಜಿ, ಅಷ್ಟೇ," ಅಂದ.

ಮೊದಲ ತಿಂಗಳು ನನಗೆ ಇದು ಗೊತ್ತೇ ಇರಲಿಲ್ಲ. ಫೋನು ಸುಮ್ಮನಿದೆಯೆಂದರೆ ಅದರೊಳಗೆ ಯಾರೂ ಇಲ್ಲ ಎಂದೇ ತಿಳಿದಿದ್ದೆ. ಒಂದು ಬೆಳಿಗ್ಗೆ ಒಲೆಯ ಮುಂದೆ ಕುದ್ದುಹೋಗಿ, ರವಿಕೆಯ ಎರಡು ಗುಂಡಿ ಬಿಚ್ಚಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಈ ಹುಡುಗಿಯ ವಂಶವನ್ನು ಬಾಯಿಗೆ ಬಂದ ಹಾಗೆ ಸಹಸ್ರನಾಮದಲ್ಲಿ ಅರ್ಚಿಸುತ್ತಿದ್ದೆ. ಹುಣಸೆಹಣ್ಣಿನ ಜಾಡಿಯ ಕಡೆಯಿಂದ ಧ್ವನಿ ಬಂತು: "ಅಜ್ಜಿ, ಹಾಲು ಉಕ್ತಾ ಇದೆ."

ಹಾಲು ಉಳಿಯಿತು. ನನ್ನ ಮರ್ಯಾದೆ ಉಳಿಯಲಿಲ್ಲ. ಎಷ್ಟು ಸಾವಿರ ಮೈಲಿಯ ಆಚೆ ಕೂತು ನಮ್ಮ ಮನೆಯ ಹಾಲು ಉಕ್ಕುವುದನ್ನು ನೋಡುತ್ತಾಳಲ್ಲ ಎಂದು ಎರಡು ದಿನ ಅಡುಗೆಮನೆಗೆ ಹೋಗಲು ಕಾಲು ಬರಲಿಲ್ಲ. ಮೂರನೆಯ ದಿನ ಹೋದೆ, ಗುಂಡಿ ಹಾಕಿಕೊಂಡು ಹೋದೆ. ಬೈಯುವುದನ್ನು ಮಾತ್ರ ಬಚ್ಚಲಿಗೆ ಸ್ಥಳಾಂತರಿಸಿದೆ.

ಇವರ ಸಂಸಾರವನ್ನು ಹಳಿಯುವ ಹಕ್ಕು ನನಗೆಷ್ಟಿದೆ ಎಂದೂ ಒಮ್ಮೊಮ್ಮೆ ಯೋಚಿಸಿದ್ದೇನೆ. ನನ್ನ ಯಜಮಾನರೂ ನಾನೂ ಒಂದೇ ಸೂರಿನ ಕೆಳಗೆ ನಲವತ್ತೊಂದು ವರ್ಷ ಬಾಳಿದೆವು. ಅವರು ದಿನಕ್ಕೆ ಆಡುತ್ತಿದ್ದದ್ದು ಆರು ಮಾತು: ನೀರು, ಊಟ, ಬೀಡಿ, ಬೆಂಕಿಪೊಟ್ಟಣ, ಯಾರು ಬಂದಿದ್ರು, ದೀಪ ಆರ್ಸು. ಹಬ್ಬದ ದಿನ ಏಳನೆಯದೊಂದು ಬೀಳುತ್ತಿತ್ತು, ಉಪ್ಪು ಕಮ್ಮಿ. ಒಲೆಯ ಮೇಲೆ ಹಾಲು ಉಕ್ಕಿದರೆ ಪಕ್ಕದಲ್ಲೇ ಕೂತಿದ್ದರೂ ಅವರು ಹೇಳಿದವರಲ್ಲ. ಹೀಗೆ ನೋಡಿದರೆ ದೂರದ ದಾಂಪತ್ಯವನ್ನು ಹತ್ತಿರದಿಂದಲೇ ನಡೆಸಿದವಳು ನಾನು. ಅದಕ್ಕೆ ಫೋನು ಬೇಕಾಗಿರಲಿಲ್ಲ.

ಕವಿತಾ ಆಗಾಗ ಅಲ್ಲಿನ ಕೆಲಸದ ಸುದ್ದಿ ಹೇಳುತ್ತಾಳೆ, ನಾನು ಕೇಳದಿದ್ದರೂ. ಅಲ್ಲಿ ನನ್ನ ವಯಸ್ಸಿನ ಮುದುಕಿಯೊಬ್ಬಳಿಗೆ ಇವಳು ದಿನವೂ ಬೆಳಿಗ್ಗೆ ಕಾಲುಚೀಲ ಹಾಕುತ್ತಾಳಂತೆ.

"ಆಯಮ್ಮಂಗೆ ಮಕ್ಳಿಲ್ವೇನೇ?" ಅಂದೆ.

"ಮೂರು ಜನ ಇದಾರೆ ಅಜ್ಜಿ. ಭಾನುವಾರ ಬಂದು ಮಾತಾಡ್ಸಿಕೊಂಡು ಹೋಗ್ತಾರೆ."

"ಕಾಲುಚೀಲ ಹಾಕಲ್ವಾ?"

"ಅವ್ರು ಹಾಕೋದು ಆಯಮ್ಮಂಗೇ ಇಷ್ಟ ಇಲ್ಲ. ನನ್ನ ಮಕ್ಳು ನನ್ನ ಕಾಲು ಹಿಡೀಬಾರ್ದು, ಅದಕ್ಕೆ ಅಂತ ಕಲ್ತಿರೋರು ಹಿಡೀಲಿ ಅಂತಾರೆ."

ಈ ಮಾತು ಕೇಳಿ ನನಗೆ ಆದ ದಿಗ್ಭ್ರಮೆ ಅಷ್ಟಿಷ್ಟಲ್ಲ. ಹೆತ್ತ ಮಕ್ಕಳು ನೋಡಿಕೊಳ್ಳುವುದು ಬೇಡ ಎನ್ನುವ ಮುದುಕಿಯೂ ಭೂಮಿಯ ಮೇಲೆ ಇದ್ದಾಳಲ್ಲ ಎಂಬ ಯೋಚನೆಯಲ್ಲೇ ರಾಗಿಯ ಹಿಟ್ಟಿಗೆ ನೀರು ಎಷ್ಟು ಹಾಕಿದೆ ಎಂಬುದೇ ಮರೆತು ಮುದ್ದೆ ಅಂಬಲಿಯಾಯಿತು. ಸೊಕ್ಕು ಎಂದುಕೊಂಡೆ. ತಣ್ಣಗಿನ ದೇಶದ ಜನ, ರಕ್ತವೂ ತಣ್ಣಗೆ ಎಂದುಕೊಂಡೆ.

ಎರಡು ವರ್ಷವೆಂದು ಹೋಗಿದ್ದವಳ ಅವಧಿ ಈ ಭಾದ್ರಪದಕ್ಕೆ ಮುಗಿಯುತ್ತ ಬಂದಿತ್ತು. ಸಂಕ್ರಾಂತಿ ಕಳೆದ ಮೇಲೆ ಹರೀಶ ಒಮ್ಮೊಮ್ಮೆ ಫೋನನ್ನು ಮಹಡಿಗೆ ಎತ್ತಿಕೊಂಡು ಹೋಗಿ ದನಿ ತಗ್ಗಿಸಿ ಮಾತಾಡುವುದು ಶುರುವಾಯಿತು. ಸುಮ್ಮನೆ ಇರುತ್ತಿದ್ದವರು ಮಾತಾಡತೊಡಗಿದರೆ ಅದು ಜಗಳವೇ. ಅಷ್ಟು ಲೋಕಜ್ಞಾನ ನನಗಿದೆ. ಏನೋ ಸಮಾಚಾರ ಎಂದು ಕೇಳಿದರೆ "ಅವಳು ಬರಲ್ಲ ಅಂತಾಳೆ" ಎಂದಷ್ಟೇ ಹೇಳಿ ಮಳಿಗೆಗೆ ಹೋಗುತ್ತಿದ್ದ. ಒಂದೋ ಅವಳು ಬರಬೇಕು, ಇಲ್ಲ ಇವನು ಹೋಗಬೇಕು, ಎರಡೂ ಆಗದಿದ್ದರೆ ಕಟ್ಟಿದ ತಾಳಿ ಬಿಚ್ಚಬೇಕು. ಮಧ್ಯೆ ನಾಲ್ಕನೆಯ ದಾರಿಯಿಲ್ಲ. ಅವನು ಹೋಗುವುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಹಾಗಾಗಿ ಬೈಗುಳವೆಲ್ಲ ಅವಳ ಪಾಲಿಗೆ ಹೋಯಿತು.

ಹಬ್ಬದ ಹಿಂದಿನ ದಿನ ಹರೀಶ ಊಟ ಬಿಟ್ಟ. ಕಣ್ಣು ಕೆಂಪಗಿತ್ತು. "ಹಬ್ಬ ಕಳೀಲಿ ಅಜ್ಜಿ. ನಿಂಗೊಂದ್ ವಿಷ್ಯ ಹೇಳ್ಬೇಕು," ಅಂದು ಹೋಗಿ ಮಲಗಿದ.

ಹಿರಿಯರ ಹಬ್ಬ ಎಂದರೆ ಮಹಾಲಯ ಅಮಾವಾಸ್ಯೆ. ನಡುಮನೆಯಲ್ಲಿ ಸತ್ತವರ ಫೋಟೋಗಳನ್ನು ಸಾಲಾಗಿ ಇಟ್ಟು, ಹೊಸ ಬಟ್ಟೆ ಇಟ್ಟು, ಅವರವರಿಗೆ ಇಷ್ಟವಾದದ್ದನ್ನು ಬಾಳೆಲೆಗೆ ಬಡಿಸಿ, ಧೂಪ ಹಾಕಿ, ನಾವೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಬಿಡುತ್ತೇವೆ. ಹಿರಿಯರು ಬಂದು ಉಣ್ಣಬೇಕು. ನಾವು ನೋಡುತ್ತ ನಿಂತರೆ ಅವರಿಗೆ ಸಂಕೋಚ. ಸ್ವಲ್ಪ ಹೊತ್ತಾದ ಮೇಲೆ ಮೂರು ಸಲ ಚಪ್ಪಾಳೆ ತಟ್ಟಿ, ಕೈ ತೊಳೆದು ಹೊರಡಲು ಅವರಿಗೆ ಅವಕಾಶ ಕೊಟ್ಟು, ಆಮೇಲೆ ಬಾಗಿಲು ತೆಗೆಯುತ್ತೇವೆ. ಬದುಕಿರುವ ನೆಂಟರಿಗೂ ನಾವು ಇಷ್ಟು ದಾಕ್ಷಿಣ್ಯ ತೋರಿಸುವುದಿಲ್ಲ.

ಈ ಸಲ ಎಲ್ಲ ಬಡಿಸಿ ಮುಗಿಸುವಷ್ಟರಲ್ಲಿ ನೆನಪಾಯಿತು, ಯಜಮಾನರ ಎಲೆಗೆ ಬೀಡಿ ಇಲ್ಲ. ಹರೀಶ ತರಲು ಹೊರಟ. ಮುಂಚೆ ನಮ್ಮ ಬೀದಿಯ ತುದಿಯಲ್ಲೇ ಸಿಗುತ್ತಿತ್ತು. ಈಗ ಸುತ್ತಲೂ ಎದ್ದಿರುವ ಅಪಾರ್ಟ್‌ಮೆಂಟುಗಳ ಅಂಗಡಿಗಳಲ್ಲಿ ಹದಿನೆಂಟು ಥರದ ಬಿಸ್ಕತ್ತು ಸಿಗುತ್ತದೆ, ಒಂದು ಕಟ್ಟು ಬೀಡಿ ಸಿಗುವುದಿಲ್ಲ. ಯಲಹಂಕದ ಹಳೇ ಪೇಟೆಗೇ ಹೋಗಬೇಕು. ಹೋಗುವ ಮುಂಚೆ ಅವನು ಒಂದು ಕೆಲಸ ಮಾಡಿದ. ನಾನು ಹಿಂದೆ ಅಡುಗೆಮನೆಯಲ್ಲಿ ಕೊನೆಯ ವಡೆಗಳನ್ನು ಬೇಯಿಸುತ್ತಿದ್ದೆ, ನೋಡಲಿಲ್ಲ. ತನ್ನ ಹೆಂಡತಿಯೂ ಈ ಮನೆಯ ಸೊಸೆಯಲ್ಲವೇ, ಎಡೆ ನೋಡಲಿ ಎಂದು, ಫೋನನ್ನು ಒಯ್ದು ಅಪ್ಪ ಅಮ್ಮನ ಫೋಟೋಗಳ ನಡುವೆ ಚೊಂಬಿಗೆ ಒರಗಿಸಿ ನಿಲ್ಲಿಸಿ ಹೋದ. ಅಲ್ಲಿ ಅವಳಿಗೆ ಆಗ ಬೆಳಿಗ್ಗೆ. ರಾತ್ರಿಪಾಳಿ ಮುಗಿಸಿ ಬಂದವಳು ಎರಡು ನಿಮಿಷ ಎಡೆ ನೋಡಿದ್ದಾಳೆ, ಹಾಗೇ ಕಣ್ಣು ಮುಚ್ಚಿದ್ದಾಳೆ. ಗದ್ದದವರೆಗೆ ಬಿಳಿ ಹೊದಿಕೆ ಬೇರೆ.

ಆ ಹೊತ್ತಿಗೆ ಬಾಗಲೂರಿನಿಂದ ಮುನಿಯಮ್ಮ ಬಂದಳು. ಯಜಮಾನರ ತಂಗಿ, ನನ್ನ ನಾದಿನಿ. ಗಂಡ ಇಲ್ಲ, ಮಗನ ಮನೆಯಲ್ಲಿ ಸೊಸೆಯೊಂದಿಗೆ ದಿನಕ್ಕೊಂದು ಜಗಳ ಮಾಡಿಕೊಂಡು ಆರೋಗ್ಯವಾಗಿದ್ದಾಳೆ. ನನಗೂ ಅವಳಿಗೂ ಐವತ್ತು ವರ್ಷದಿಂದ ಅಷ್ಟಕ್ಕಷ್ಟೆ. ಅಣ್ಣನ ಫೋಟೋಕ್ಕೆ ಹೂವು ಹಾಕುತ್ತೇನೆಂದು ಸೀದಾ ನಡುಮನೆಗೆ ಹೋದವಳು ಸ್ವಲ್ಪ ಹೊತ್ತಿಗೆ ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನಂಗೊಂದ್ ಮಾತ್ ತಿಳಿಸ್ಬಾರ್ದಾಗಿತ್ತಾ ಅತ್ಗೆ? ನಾನೇನ್ ಒರಗಿನೋಳಾ?"

"ಏನನ್ನೇ?"

"ಕವಿತಾ ಸತ್ತಿದ್ದು."

ಜಾಲರಿ ಸೌಟು ಕೈಯಲ್ಲೇ ಇತ್ತು. ಎಣ್ಣೆಯಲ್ಲಿ ನಾಲ್ಕು ವಡೆ ಇದ್ದವು. ಒಲೆ ಆರಿಸಿದೆನೋ ಇಲ್ಲವೋ ಗೊತ್ತಿಲ್ಲ. ಆ ವಡೆಗಳನ್ನು ಆಮೇಲೆ ಕಲ್ಲಿದ್ದಲಾಗಿ ನೋಡಿದ್ದರಿಂದ ಆರಿಸಿರಲಿಲ್ಲ ಎಂದು ತಿಳಿಯಿತು. ಅವಳ ಹಿಂದೆ ನಡುಮನೆಗೆ ಹೋದೆ. ಮಗ, ಸೊಸೆ, ಇಬ್ಬರ ನಡುವೆ ಕವಿತಾ. ಮುನಿಯಮ್ಮ ಆಗಲೇ ಸೇವಂತಿಗೆಯ ಹಾರವನ್ನು ಸುತ್ತಲೂ ಇಳಿಬಿಟ್ಟಿದ್ದಳು, ನೀರಿನಲ್ಲಿ ಕಲೆಸಿದ ಕುಂಕುಮವನ್ನು ಹಣೆಗೆ ಹಚ್ಚಿದ್ದಳು. ಕಣ್ಣು ಮುಚ್ಚಿದ ಮುಖ. ಬಿಳಿ ಬಟ್ಟೆ. ಧೂಪದ ಹೊಗೆ.

ದಿನಾ ನೋಡುವ ಫೋನು ಗೊತ್ತಾಗಲಿಲ್ಲವೇ ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಕನ್ನಡಕದ ಮೇಲೆ ವಡೆಯ ಹಬೆ ಕೂತಿತ್ತು ಎನ್ನಬಹುದು. ಹೂವಿನಲ್ಲಿ ಫೋನಿನ ಅಂಚು ಮುಚ್ಚಿಹೋಗಿತ್ತು ಎನ್ನಬಹುದು. ಹರೀಶನ ಕೆಂಪು ಕಣ್ಣು, ಬಿಟ್ಟ ಊಟ, ಹಬ್ಬ ಕಳೀಲಿ ಎಂಬ ಮಾತು, ಎಲ್ಲ ಸೇರಿ ಒಂದಕ್ಕೊಂದು ಕೂತವು ಎನ್ನಬಹುದು. ಸೂತಕ ಬಂದರೆ ಹಬ್ಬ ನಿಲ್ಲುತ್ತದೆಂದು ದೂರದ ಸಾವಿನ ಸುದ್ದಿಯನ್ನು ಒಂದೆರಡು ದಿನ ಬಚ್ಚಿಡುವುದು ನಮ್ಮ ಕಡೆ ಹೊಸದೇನಲ್ಲ, ನಾನೇ ನನ್ನ ಸೋದರಮಾವ ಹೋದದ್ದನ್ನು ಮಗನ ಮದುವೆ ಮುಗಿಯುವ ತನಕ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ್ದೇನೆ. ಇವೆಲ್ಲ ನಿಜವೇ. ಆದರೂ ಒಂದು ಹೆಜ್ಜೆ ಮುಂದೆ ಇಟ್ಟು ಬೆರಳಿನಿಂದ ಮುಟ್ಟಿದ್ದರೆ ಗೊತ್ತಾಗುತ್ತಿತ್ತು. ನಾನು ಮುಟ್ಟಲಿಲ್ಲ.

ಯಾಕೆ ಮುಟ್ಟಲಿಲ್ಲ ಎಂಬುದನ್ನು ಹೇಳಲು ನನ್ನ ನಾಲಿಗೆ ಇವತ್ತಿಗೂ ಹಿಂದೇಟು ಹಾಕುತ್ತದೆ. ಆ ಮುಖ ನೋಡಿದಾಗ ನನಗೆ ಅಳು ಬರಲಿಲ್ಲ. ಮೊದಲು ಬಂದದ್ದು ಒಂದು ಮಾತು, ಒಳಗಿನಿಂದ, ಯಾರೂ ಕರೆಯದೆ: ಸದ್ಯ, ಇನ್ನು ಹರೀಶ ಎಲ್ಲಿಗೂ ಹೋಗುವುದಿಲ್ಲ.

ಎಪ್ಪತ್ಮೂರು ವರ್ಷ ನಾನು ನನ್ನನ್ನು ನಿಷ್ಠುರವಾದಿ, ಆದರೆ 'ಮನಸ್ಸು ಒಳ್ಳೆಯದು' ಎಂದು ಹೇಳಿಕೊಂಡು ಬದುಕಿದ್ದವಳು. ಇಪ್ಪತ್ತೆಂಟು ವರ್ಷದ ಹುಡುಗಿಯ ಹೆಣದ ಮುಂದೆ ಸದ್ಯ ಎಂದುಕೊಳ್ಳುವ ಮನಸ್ಸು ಅದು. ಸಾವಿಗಿಂತ ಅದೇ ನನ್ನನ್ನು ನಡುಗಿಸಿತು. "ಬಾಗಿಲು ಮುಚ್ಚೇ, ಅವ್ರು ಉಣ್ಲಿ," ಅಂದೆ. ಬೀಡಿ ಇನ್ನೂ ಬಂದಿಲ್ಲ ಎಂಬುದೂ ಮರೆತಿತ್ತು. ಇಬ್ಬರೂ ಹೊರಗಿನ ಜಗಲಿಗೆ ಬಂದು ಕೂತೆವು.

ಮುನಿಯಮ್ಮ ಹಾಡಿಕೊಂಡು ಅಳತೊಡಗಿದಳು. "ಎಂಥಾ ಮಗು ಅತ್ಗೆ. ಲಕ್ಷ್ಮಿ ಅಂಗಿದ್ಲು. ಒಂದ್ ದಿನ ಎದ್ರು ಮಾತಾಡ್ದೋಳಲ್ಲ." ಮದುವೆಯ ಮಂಟಪದಲ್ಲಿ ಇದೇ ಬಾಯಿ "ಬಣ್ಣ ಕಮ್ಮಿ, ನಾಲ್ಗೆ ಜಾಸ್ತಿ" ಎಂದಿತ್ತು. ಸತ್ತರೆ ಬಣ್ಣ ಬರುತ್ತದೆ, ನಾಲಿಗೆ ಮೊಟಕಾಗುತ್ತದೆ, ಇದು ಲೋಕರೂಢಿ. ಅಳು ಇನ್ನೂ ಅರ್ಧದಲ್ಲಿರುವಾಗಲೇ ಮೂಗು ಒರೆಸಿಕೊಂಡು ಹತ್ತಿರ ಸರಿದಳು.

"ಇವನಿಗಿನ್ನೂ ಮೂವತ್ತು ತುಂಬಿಲ್ಲ ಅತ್ಗೆ. ನಮ್ ಬಾಗಲೂರಲ್ಲೇ ಒಂದ್ ಎಣ್ಣು ಐತೆ. ಡಿಗ್ರಿ ಓದೈತೆ. ಊರು ಬಿಟ್ಟು ಎಲ್ಲೂ ಓಗಲ್ಲ ಅಂತೈತೆ."

ನಾನು ಬಾಯಿ ಮುಚ್ಚೇ ಎನ್ನಬೇಕಿತ್ತು. ನಾನು ಹೇಳಿದ್ದು, "ವರ್ಷ ತುಂಬ್ಲಿ."

ಆಗ ಮುಚ್ಚಿದ ಬಾಗಿಲಿನ ಒಳಗೆ ಯಾರೋ ಕೆಮ್ಮಿದರು.

"ಅಣ್ಣ ಬಂದವ್ನೆ," ಎಂದು ಮುನಿಯಮ್ಮ ಕೈ ಮುಗಿದಳು. ನಾನೂ ಮುಗಿದೆ. ಬೀಡಿ ಇಲ್ಲವಲ್ಲ, ಈಗ ಏನು ಹೇಳುತ್ತಾರೋ ಎಂದುಕೊಂಡೆ. ಆದರೆ ಮುಂದೆ ಬಂದದ್ದು ಹೆಂಗಸಿನ ದನಿ.

"ಅಜ್ಜೀ... ಯಾಕಿಷ್ಟು ಕೆಂಪಗಿದೆ ಎಲ್ಲ?"

ಮೂರು ವರ್ಷದಿಂದ ಮಂಡಿ ನೋವೆಂದು ಗೋಡೆ ಹಿಡಿದು ನಡೆಯುವ ಮುನಿಯಮ್ಮ ಜಗಲಿಯ ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ದಾಟಿ ರಸ್ತೆಯ ಆಚೆ ನಿಂತಿದ್ದ ನೀರಿನ ಟ್ಯಾಂಕರಿನ ಹಿಂದೆ ಹೋಗಿ ನಿಂತಳು. ನಾನು ಓಡಲಿಲ್ಲ. ಧೈರ್ಯವೆಂದು ತಿಳಿಯಬೇಡಿ, ಕಾಲು ಏಳಲಿಲ್ಲ. ಕೂತಲ್ಲೇ ಮೂರು ಸಲ ಚಪ್ಪಾಳೆ ತಟ್ಟಿದೆ. ಪ್ರಾಣ ಹೋಗುವಾಗಲೂ ಶಾಸ್ತ್ರ ಬಿಡಬಾರದು. ಆಮೇಲೆ ತೆವಳಿಕೊಂಡು ಹೋಗಿ ಬಾಗಿಲು ನೂಕಿದೆ.

ಸತ್ತವಳು ಆಕಳಿಸುತ್ತಿದ್ದಳು. ಕೂದಲು ಕೆದರಿತ್ತು. ಮುನಿಯಮ್ಮ ಹಚ್ಚಿದ ಕುಂಕುಮ ಫೋನಿನ ಕಣ್ಣಿಗೂ ಮೆತ್ತಿಕೊಂಡು ಅವಳಿಗೆ ನಮ್ಮ ಮನೆಯೆಲ್ಲ ಕೆಂಪಗೆ ಕಾಣುತ್ತಿತ್ತು. ನಾನು ಸೆರಗಿನ ತುದಿಯಿಂದ ಒರೆಸಿದೆ. ಮುಟ್ಟಿದೆ, ಆಗ.

"ಏನಾಯ್ತು ಅಜ್ಜಿ? ಯಾರು ಅಳ್ತಾ ಇದ್ರು?"

"ಮುನಿಯಮ್ಮ. ನೀನ್ ಸತ್ತೋಗಿದೀಯ ಅಂದ್ಕಂಡ್ವಿ."

ಅವಳು ಕೆದರಿದ ಕೂದಲನ್ನು ಹಿಂದಕ್ಕೆ ತಳ್ಳಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ವರ್ಷ ತುಂಬ್ಲಿ ಅಂದ್ರಲ್ಲ ಅಜ್ಜಿ. ಯಾತಕ್ಕೆ?"

ಕೇಳಿಸಿಕೊಂಡಿದ್ದಳು. ನಮ್ಮ ಹಳೆಯ ಬಾಗಿಲಿನ ಸಂದಿಯಲ್ಲಿ ಬೆಕ್ಕು ತೂರುತ್ತದೆ, ಮಾತು ತೂರುವುದಿಲ್ಲವೇ. ಸುಳ್ಳು ಹೇಳಬಹುದಿತ್ತು; ಸುಳ್ಳು ಹುಡುಕುವಷ್ಟು ಬುದ್ಧಿ ಆ ಗಳಿಗೆಯಲ್ಲಿ ನನ್ನ ಹತ್ತಿರ ಇರಲಿಲ್ಲ.

"ಅವನಿಗೆ ಇನ್ನೊಂದ್ ಮದ್ವೆ ಮಾಡಾಕೆ," ಅಂದೆ.

ಕಿರುಚುತ್ತಾಳೆ ಎಂದುಕೊಂಡೆ. ಕಿರುಚಿದ್ದರೆ ಚೆನ್ನಾಗಿತ್ತು. ಅವಳು ಎದ್ದು ಕೂತು, ಹೊದಿಕೆಯನ್ನು ಮೊಳಕಾಲಿಗೆ ಸುತ್ತಿಕೊಂಡು, ಆಸ್ಪತ್ರೆಯಲ್ಲಿ ರೋಗಿಗೆ ಹೇಳುವ ಹಾಗೆ ಒಂದೊಂದಾಗಿ ಹೇಳಿದಳು.

"ವರ್ಷ ಕಾಯೋದೇನೂ ಬೇಡ ಅಜ್ಜಿ. ನಾಳೇನೇ ಹೆಣ್ಣು ನೋಡ್ಬಹುದು. ಹರೀಶ ನಿಮ್ಗೆ ಹೇಳಿಲ್ವಾ? ಅವನು ಇಲ್ಲಿಗೆ ಬರೋದಕ್ಕೆ ಎಲ್ಲ ಪೇಪರ್ ಆಗಿ ಎಂಟು ತಿಂಗ್ಳಾಯ್ತು. ಇಲ್ಲೂ ಮೋಟರ್ ಸುತ್ತೋರು ಬೇಕು, ಒಬ್ರು ಒಪ್ಪಿದಾರೆ. ನಾನು ಬಾ ಅಂತೀನಿ, ಅವನು ಬರಲ್ಲ ಅಂತಾನೆ."

"ನೀನ್ ಬರಲ್ಲ ಅಂದೆ ಅಂತ ಅವನಂದ."

"ಹೂಂ, ನಾನೂ ಬರಲ್ಲ. ಈ ಕೆಲ್ಸ ನಂಗಿಷ್ಟ. ಭಾಷೆ ಕಲ್ತು, ಪರೀಕ್ಷೆ ಬರ್ದು ಹಿಡ್ದಿದೀನಿ, ಬಿಡಲ್ಲ. ಆದ್ರೆ ಫೋನ್ ಜೊತೆ ಇನ್ನೆಷ್ಟು ವರ್ಷ ಸಂಸಾರ ಮಾಡ್ಲಿ? ಹಬ್ಬ ಮುಗಿಸಿ ತೀರ್ಮಾನ ಹೇಳು, ಆಗಲ್ಲ ಅಂದ್ರೆ ಬಿಟ್ಬಿಡೋಣ ಅಂದಿದೀನಿ."

"ಅವನು ಯಾಕ್ ಬರಲ್ವಂತೆ?"

"ನೀವು ಒಬ್ಬರೇ ಆಗ್ತೀರಂತೆ."

ಫೋನನ್ನು ಫೋಟೋಗಳ ನಡುವಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತೆ. ಹಾರದ ಒಂದು ಎಸಳು ಅಂಟಿಕೊಂಡಿತ್ತು, ಕಿತ್ತು ಹಾಕಿದೆ. ಅವರಿಬ್ಬರು ಎರಡು ವರ್ಷದಿಂದ ಮಾಡುತ್ತಿದ್ದದ್ದು ಇದೇ ಏನೋ ಎಂದು ಅನ್ನಿಸಿತು. ಏನೂ ಹೇಳದೆ ಕೂತಿರುವುದು. ಸುಲಭವಲ್ಲ, ತೋಳು ನೋಯುತ್ತದೆ.

ಹರೀಶ ಬೀಡಿ ಹಿಡಿದು ಬಂದ. ಟ್ಯಾಂಕರಿನ ಹಿಂದಿನಿಂದ ಮುನಿಯಮ್ಮನನ್ನು ಕೈಹಿಡಿದು ಕರೆತಂದಿದ್ದ. ವಿಷಯವೆಲ್ಲ ಅವಳೇ ದಾರಿಯಲ್ಲಿ ಊದಿದ್ದಳು. ನಾನು ಬೀಡಿ ಇಸಿದುಕೊಂಡು ಯಜಮಾನರ ಎಲೆಗೆ ಇಟ್ಟು, ಅಲ್ಲೇ, ಸತ್ತವರ ಎದುರಿಗೇ ಕೇಳಿದೆ.

"ನನ್ನ ಯಾರೋ ಕಾಯ್ಕೊಂಡು ಕೂತಿರ್ಬೇಕು ಅಂತ ನಿಂಗೆ ಯಾವನೋ ಹೇಳ್ದೋನು?"

ಅವನು ತಲೆ ಎತ್ತಲಿಲ್ಲ. "ನೀನೇ," ಅಂದ.

"ನಾನಾ?"

"ದಿನಾ ಅಂತೀಯಲ್ಲ ಅಜ್ಜಿ. ಬಚ್ಚಲಲ್ಲಿ ಜಾರಿ ಬಿದ್ರೆ ಯಾರ್ ಎತ್ತೋರು ಅಂತೀಯ. ಅವಳು ಹೋದ್ಲು, ನೀನೂ ಹೋದ್ರೆ ನನ್ನ ಬಾಯಿಗೆ ನೀರ್ ಬಿಡೋರ್ ಯಾರು ಅಂತೀಯ. ಬೆಳಿಗ್ಗೆ ಒಂದ್ಸಲ, ಊಟಕ್ಕೆ ಕೂತಾಗ ಒಂದ್ಸಲ. ಹೆಂಗ್ ಹೋಗ್ಲಿ ನಾನು?"

ಇಲ್ಲ ಎನ್ನಲು ಬಾಯಿ ತೆರೆದೆ. ಮುನಿಯಮ್ಮ ಮೂಲೆಯಿಂದ "ನನ್ ಅತ್ರಾನೂ ಫೋನಲ್ಲಿ ಅದೇ ಅಂತಾಳೆ" ಎಂದು ಸೇರಿಸಿದಳು. ಬಾಯಿ ಮುಚ್ಚಿದೆ.

ಹೇಳಿದ್ದೇನೆ. ನೆನಪು ಮಾಡಿಕೊಂಡರೆ ನಿಜವೇ, ಹೇಳಿದ್ದೇನೆ. ಬೆನ್ನು ನೆಟ್ಟಗಾಗದ ಬೆಳಿಗ್ಗೆ "ಅಯ್ಯೋ" ಎನ್ನುವ ಹಾಗೆ ಹೇಳಿದ್ದೇನೆ, ಅರ್ಥವಿಟ್ಟುಕೊಂಡು ಹೇಳಿದ್ದಲ್ಲ. ಕೇಳಿಸಿಕೊಂಡವನು ಅದಕ್ಕೆ ಅರ್ಥ ಕೊಟ್ಟು ಎಂಟು ತಿಂಗಳು ಹೆಂಡತಿಯ ಜೊತೆ ಜಗಳವಾಡಿದ. ಅವಳ ದೇಶ ದೂರ, ಅವಳ ಕೆಲಸ ದೂರ, ಅವಳ ಸೊಕ್ಕು ದೊಡ್ಡದು ಎಂದು ನಾನು ಬಚ್ಚಲಿನಲ್ಲಿ ನಿಂತು ಬೈಯುತ್ತಿದ್ದಾಗ ಆ ಇಬ್ಬರ ನಡುವೆ ಅಡ್ಡ ಮಲಗಿದ್ದದ್ದು ಸಮುದ್ರವಲ್ಲ, ನಾನು. ಸಮುದ್ರವನ್ನಾದರೂ ವಿಮಾನದಲ್ಲಿ ದಾಟಬಹುದು. ಮುದುಕಿಯನ್ನು ದಾಟಲು ಬರುವುದಿಲ್ಲ. ಕಾಲು ತಗುಲಿದರೆ ಪಾಪ ಬರುತ್ತದೆಂದು ಮಕ್ಕಳಿಗೆ ನಾವೇ ಕಲಿಸಿರುತ್ತೇವೆ.

ಆ ದಿನ ಸಂಜೆ ಮುನಿಯಮ್ಮ ಬಸ್ಸು ಹತ್ತಿ ಹೋದಳು, ಇನ್ನೊಂದು ವರ್ಷ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡು. ಹರೀಶ ಮಹಡಿಗೆ ಹೋಗಿ ಕವಿತಾಳಿಗೆ ಏನು ಹೇಳಿದನೋ ನಾನು ಕಿವಿಗೊಡಲಿಲ್ಲ. ಇಳಿದು ಬಂದಾಗ ಮುಖ ಬಿಗಿದಿತ್ತು. "ಇನ್ನೊಂದ್ ವಾರ ಟೈಮ್ ಕೇಳಿದೀನಿ," ಅಂದ. ವಾರ ಕೊಟ್ಟರೆ ಅವನು ವರ್ಷ ಮಾಡುತ್ತಾನೆ, ನನ್ನ ಮೊಮ್ಮಗನಲ್ಲವೇ. ಹೋಗೋ ಎಂದು ನಾನು ನೂರು ಸಲ ಹೇಳಿದರೂ ಅದೂ ಬರಿಯ ಬಾಯಿಮಾತೇ. ನನ್ನ ಬಾಯಿಯ ಮೇಲೆ ಅವನಿಗಾಗಲಿ ನನಗಾಗಲಿ ಇನ್ನು ನಂಬಿಕೆಯಿಲ್ಲ.

ಹಾಗಾಗಿ ಮಾರನೆಯ ಬೆಳಿಗ್ಗೆ ಅವನು ಏಳುವ ಮುಂಚೆ ತಲೆ ಬಾಚಿಕೊಂಡು, ಒಬ್ಬಳೇ ಮುಖ್ಯರಸ್ತೆಗೆ ನಡೆದು, ಎರಡು ಬಸ್ಸು ಬದಲಾಯಿಸಿ ಬಾಗಲೂರಿಗೆ ಹೋದೆ. ಮುನಿಯಮ್ಮ ಮೆಟ್ಟಿಲ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ನಾನು ಜಗಳಕ್ಕೇ ಬಂದೆನೆಂದು ತಿಳಿದು, ಸೊಪ್ಪಿನ ಮೊರವನ್ನು ಎದೆಗೆ ಅಡ್ಡ ಹಿಡಿದಳು.

"ಎದ್ದೇಳು. ಬಟ್ಟೆ ತಗೋ," ಅಂದೆ.

"ಎಲ್ಲಿಗೆ?"

"ಜಕ್ಕೂರಿಗೆ."

"ಎಷ್ಟ್ ದಿವ್ಸಕ್ಕೆ?"

"ಇಬ್ರಲ್ಲಿ ಒಬ್ರು ಹೋಗೋ ತನ್ಕ."

ಒಳಗೆ ಸೊಸೆ ಪಾತ್ರೆ ಕುಕ್ಕುವ ಸದ್ದು ಕೇಳಿಸುತ್ತಿತ್ತು. ಮುನಿಯಮ್ಮ ಅದನ್ನು ಸ್ವಲ್ಪ ಹೊತ್ತು ಆಲಿಸಿದಳು.

"ನಾನ್ ಬಿದ್ರೆ ನೀನ್ ಎತ್ತಕಾಗಲ್ಲ. ನೀನ್ ಬಿದ್ರೆ ನಾನ್ ಎತ್ತಕಾಗಲ್ಲ," ಅಂದಳು.

"ಕೂಗಕಾಗ್ತದಲ್ಲ."

"ಟೀವಿ ಐತಾ?"

"ಐತೆ."

ಸೊಪ್ಪಿನ ಮೊರ ಅಲ್ಲೇ ಬಿಟ್ಟು ಎದ್ದಳು. ಒಂದು ಕೈಚೀಲ, ಒಂದು ಹಾಸಿಗೆ ಸುರುಳಿ, ಮಾತ್ರೆಯ ಡಬ್ಬಿ. ಕಂಡಕ್ಟರು ಹಾಸಿಗೆ ನೋಡಿ ಯಾವ ತೀರ್ಥಯಾತ್ರೆ ಅಜ್ಜಿ ಎಂದು ಕೇಳಿದ. ದಾರಿಯುದ್ದಕ್ಕೂ ಕಿಟಕಿಯ ಸೀಟು ಯಾರದೆಂದು ಜಗಳವಾಡಿದೆವು, ಅವಳೇ ಗೆದ್ದಳು.

ಮನೆಗೆ ಬಂದಾಗ, ತಡವಾಗಿ ಎದ್ದ ಹರೀಶ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು, ಎಲ್ಲಿ ಹೋದಳು ಅಜ್ಜಿ ಎಂದು ಬೀದಿ ನೋಡುತ್ತ ನಿಂತಿದ್ದ. ನಾನು ಅವನನ್ನು ದಾಟಿಕೊಂಡು ಒಳಗೆ ಹೋಗಿ, ಅವನ ಕೋಣೆಯ ಬಾಗಿಲು ತೆಗೆದು, ಮಂಚದ ಪಕ್ಕದಲ್ಲಿ ಮುನಿಯಮ್ಮನ ಹಾಸಿಗೆ ಸುರುಳಿಯನ್ನು ಇಳಿಸಿದೆ. ಅವನು ನೊರೆಯ ಬಾಯಲ್ಲೇ ಹಿಂದೆ ಬಂದ.

"ಇದ್ಯಾರ್ದಜ್ಜಿ ಹಾಸ್ಗೆ?"

"ಈ ಕೋಣೆಗೆ ಬಂದೋಳ್ದು. ನೀನ್ ಯಾವತ್ತು ಖಾಲಿ ಮಾಡ್ತೀಯ ಹೇಳು."